ಕಾರ್ಲ್ ಪಿಯರ್ಸನ್

ಕಾರ್ಲ್ ಪಿಯರ್ಸನ್ (೨೭ ಮಾರ್ಚ್ ೧೮೫೭ – ೨೭ ಏಪ್ರಿಲ್ ೧೯೩೬) ಇಂಗ್ಲೆಂಡಿನ ಗಣಿತಜ್ಞರು ಹಾಗೂ ಆಧುನಿಕ ಸಂಖ್ಯಾಶಾಸ್ತ್ರದ ಸ್ಥಾಪಕರಲ್ಲಿ ಪ್ರಮುಖರು. ಅಳೆಯಲು ಬಾರದ, ಕೇವಲ ಎಣಿಸಲು ಬರುವ ಮಾಹಿತಿಯನ್ನು ಪರೀಕ್ಷಿಸುವ ಕೈ-ವರ್ಗ ಪರೀಕ್ಷೆಯನ್ನು ಅವರು ೧೯೦೦ರಲ್ಲಿ ರೂಪಿಸಿದರು. ಗಂಡು-ಹೆಣ್ಣು, ಹೌದು-ಇಲ್ಲ, ಬದುಕಿದವರು-ಸತ್ತವರು ಎಂಬಂತೆ ವರ್ಗಗಳಾಗಿ ವಿಂಗಡಿಸಿದ ದತ್ತಾಂಶಕ್ಕೆ ಇಂದಿಗೂ ಮೊದಲು ಬಳಸುವ ಪರೀಕ್ಷೆ ಇದೇ. ಗ್ರೀಕ್ ಭಾಷೆಯ ‘ಕೈ’ ಎಂಬ ಅಕ್ಷರದಿಂದ ಇದಕ್ಕೆ ಈ ಹೆಸರು ಬಂದಿದೆ. ಎಸ್‌ಪಿಎಸ್‌ಎಸ್, ಆರ್ ಮೊದಲಾದ ತಂತ್ರಾಂಶಗಳು ಈ ಪರೀಕ್ಷೆಯ ಫಲಿತಾಂಶವನ್ನು ಇಂದಿಗೂ ಪಿಯರ್ಸನ್ನರ ಹೆಸರಿನಲ್ಲಿಯೇ ಕೊಡುತ್ತವೆ. ಆದರೆ ಆ ಫಲಿತಾಂಶದ ಒಂದು ಮುಖ್ಯ ಸಂಖ್ಯೆಯನ್ನು ಪಿಯರ್ಸನ್ನರು ತಪ್ಪಾಗಿ ಎಣಿಸಿದ್ದರು. ಅದನ್ನು ೧೯೨೨ರಲ್ಲಿ ರೊನಾಲ್ಡ್ ಫಿಶರ್ ತಿದ್ದಿದರು. ಆ ತಿದ್ದುಪಡಿಯನ್ನು ಪಿಯರ್ಸನ್ನರು ಕೊನೆಯವರೆಗೂ ಬಹಿರಂಗವಾಗಿ ಒಪ್ಪಲಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ಪಿಯರ್ಸನ್ನರು ಲಂಡನ್ನಿನಲ್ಲಿ ಜನಿಸಿದರು. ತಂದೆ ವಿಲಿಯಂ ಪಿಯರ್ಸನ್ ವಕೀಲರು. ತಾಯಿ ಫ್ಯಾನಿ ಸ್ಮಿತ್. ತಂದೆಯ ಕಡೆಯ ಪೂರ್ವಿಕರು ಯಾರ್ಕ್‌ಷೈರಿನ ಕ್ವೇಕರ್ ಪಂಥಕ್ಕೆ ಸೇರಿದವರು. ಯೂನಿವರ್ಸಿಟಿ ಕಾಲೇಜ್ ಶಾಲೆಯಲ್ಲಿ ಓದಿದ ಬಳಿಕ ಅವರು ೧೮೭೫ರಲ್ಲಿ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜನ್ನು ಸೇರಿದರು. ೧೮೭೯ರ ಗಣಿತ ಪರೀಕ್ಷೆಯಲ್ಲಿ ಮೂರನೆಯ ಸ್ಥಾನ ಗಳಿಸಿದರು. ಕಾಲೇಜಿನಲ್ಲಿ ಕಡ್ಡಾಯವಾಗಿದ್ದ ಧರ್ಮಶಾಸ್ತ್ರದ ಪಾಠಗಳನ್ನು ವಿದ್ಯಾರ್ಥಿಯಾಗಿದ್ದಾಗಲೇ ಅವರು ವಿರೋಧಿಸಿದ್ದರು. ತಮ್ಮ ನಿಲುವನ್ನು ಸುಲಭವಾಗಿ ಬಿಟ್ಟುಕೊಡದ ಸ್ವಭಾವ ಅವರಿಗೆ ಬಾಲ್ಯದಿಂದ ಬಂದದ್ದು. ಅವರ ಸಾಧನೆಗೂ ಜಗಳಗಳಿಗೂ ಈ ಸ್ವಭಾವವೇ ಮೂಲವಾಯಿತು.

ಪದವಿಯ ನಂತರ ಜರ್ಮನಿಗೆ ತೆರಳಿ ಹೈಡೆಲ್‌ಬರ್ಗ್ ಮತ್ತು ಬರ್ಲಿನ್ ನಗರಗಳಲ್ಲಿ ಭೌತಶಾಸ್ತ್ರ, ತತ್ತ್ವಶಾಸ್ತ್ರ, ಕಾನೂನು ಮತ್ತು ಜರ್ಮನ್ ಸಾಹಿತ್ಯವನ್ನು ಅಭ್ಯಾಸ ಮಾಡಿದರು. ಇಂಗ್ಲಿಷ್ ರೀತಿಯಲ್ಲಿ ‘ಸಿ’ ಅಕ್ಷರದಿಂದ ಆರಂಭವಾಗುತ್ತಿದ್ದ ತಮ್ಮ ಹೆಸರನ್ನು ಜರ್ಮನ್ ರೀತಿಯಲ್ಲಿ ‘ಕೆ’ ಅಕ್ಷರದಿಂದ ಬರೆಯುವ ರೂಢಿಯನ್ನು ಅಲ್ಲಿಂದ ಮುಂದೆ ಉಳಿಸಿಕೊಂಡರು. ೧೮೮೧ರಲ್ಲಿ ವಕೀಲರಾಗಿ ಅರ್ಹತೆ ಪಡೆದರೂ ವಕೀಲಿ ವೃತ್ತಿಯನ್ನು ನಡೆಸಲಿಲ್ಲ.

ವೃತ್ತಿಜೀವನ

೧೮೮೪ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅನ್ವಯಿಕ ಗಣಿತ ಮತ್ತು ಯಂತ್ರಶಾಸ್ತ್ರದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಮುಂದಿನ ಸುಮಾರು ಐವತ್ತು ವರ್ಷಗಳ ಕಾಲ ಅವರ ಕಾರ್ಯಕ್ಷೇತ್ರ ಈ ಕಾಲೇಜೇ ಆಗಿತ್ತು. ೧೮೮೫ರಲ್ಲಿ ಸ್ತ್ರೀಪುರುಷರ ಸಂಬಂಧ ಮತ್ತು ಸ್ತ್ರೀಯರ ಹಕ್ಕುಗಳನ್ನು ಮುಕ್ತವಾಗಿ ಚರ್ಚಿಸುವ ಒಂದು ಕೂಟವನ್ನು ಸ್ಥಾಪಿಸಿದರು. ಆ ಕೂಟದ ಸದಸ್ಯೆಯಾಗಿದ್ದ ಮರಿಯಾ ಶಾರ್ಪ್ ಅವರನ್ನು ೧೮೯೦ರಲ್ಲಿ ವಿವಾಹವಾದರು. ಈ ದಂಪತಿಗೆ ಮೂವರು ಮಕ್ಕಳು. ಅವರಲ್ಲಿ ಎಗಾನ್ ಪಿಯರ್ಸನ್ ಮುಂದೆ ತಂದೆಯಂತೆಯೇ ಸಂಖ್ಯಾಶಾಸ್ತ್ರಜ್ಞರಾಗಿ ಪ್ರಸಿದ್ಧರಾದರು. ಮರಿಯಾ ೧೯೨೮ರಲ್ಲಿ ನಿಧನರಾದ ಮೇಲೆ ೧೯೨೯ರಲ್ಲಿ ಮಾರ್ಗರೆಟ್ ಚೈಲ್ಡ್ ಅವರನ್ನು ಪಿಯರ್ಸನ್ನರು ಮದುವೆಯಾದರು.

೧೮೯೨ರಲ್ಲಿ ಪ್ರಕಟವಾದ ‘ದಿ ಗ್ರಾಮರ್ ಆಫ್ ಸೈನ್ಸ್’ ಎಂಬ ಗ್ರಂಥ ಅವರಿಗೆ ಯೂರೋಪಿನಾದ್ಯಂತ ಹೆಸರು ತಂದಿತು. ಆಲ್ಬರ್ಟ್ ಐನ್‌ಸ್ಟೈನ್ ತಮ್ಮ ಯೌವನದಲ್ಲಿ ಗೆಳೆಯರೊಡನೆ ಕುಳಿತು ಓದಿದ ಪುಸ್ತಕಗಳಲ್ಲಿ ಇದೂ ಒಂದು. ೧೮೯೬ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, ೧೮೯೮ರಲ್ಲಿ ಡಾರ್ವಿನ್ ಪದಕ ಅವರಿಗೆ ದೊರೆತವು. ಆದರೆ ಸರ್ಕಾರ ಕೊಡಬಂದ ಬಿರುದುಗಳನ್ನು ಅವರು ನಿರಾಕರಿಸಿದರು. ೧೯೩೫ರಲ್ಲಿ ‘ಸರ್’ ಪದವಿಯನ್ನೂ ಒಪ್ಪಿಕೊಳ್ಳಲಿಲ್ಲ.

ಏಡಿಗಳಿಂದ ಸಂಖ್ಯಾಶಾಸ್ತ್ರಕ್ಕೆ

ಪಿಯರ್ಸನ್ನರು ಸಂಖ್ಯಾಶಾಸ್ತ್ರಕ್ಕೆ ಬಂದದ್ದು ಕಡಲಜೀವಿಗಳ ಮೂಲಕ. ೧೮೯೧ರ ಸುಮಾರಿಗೆ ಡಬ್ಲ್ಯು. ಎಫ್. ಆರ್. ವೆಲ್ಡನ್ ಎಂಬ ಪ್ರಾಣಿಶಾಸ್ತ್ರಜ್ಞರು ಅದೇ ಕಾಲೇಜಿಗೆ ಬಂದರು. ಡಾರ್ವಿನ್ನರ ವಿಕಾಸವಾದವನ್ನು ಅಳತೆಗಳಿಂದ ಪರೀಕ್ಷಿಸಬೇಕೆಂಬುದು ವೆಲ್ಡನ್ನರ ಹಂಬಲ. ಅದಕ್ಕಾಗಿ ಇಟಲಿಯ ನೇಪಲ್ಸ್ ಮತ್ತು ಇಂಗ್ಲೆಂಡಿನ ಪ್ಲಿಮತ್ ಕಡಲತೀರಗಳಿಂದ ತಲಾ ೧೦೦೦ ಹೆಣ್ಣು ಏಡಿಗಳನ್ನು ತರಿಸಿ ಅವುಗಳ ಅಂಗಾಂಗಗಳನ್ನು ಅಳೆದಿದ್ದರು. ನೇಪಲ್ಸ್ ಏಡಿಗಳ ಒಂದು ಅಳತೆ ಮಾತ್ರ ಸಾಮಾನ್ಯ ವಕ್ರರೇಖೆಗೆ ಹೊಂದಿಕೊಳ್ಳಲಿಲ್ಲ. ಈ ಸಮಸ್ಯೆಯನ್ನು ಅವರು ಪಿಯರ್ಸನ್ನರ ಮುಂದಿಟ್ಟರು. ಅದು ಎರಡು ವಕ್ರರೇಖೆಗಳ ಮಿಶ್ರಣವಾಗಿರಬಹುದೆಂದು ಪಿಯರ್ಸನ್ನರು ೧೮೯೪ರ ಪ್ರಬಂಧದಲ್ಲಿ ತೋರಿಸಿದರು.

ಆಗ ಅವರ ಮನಸ್ಸಿನಲ್ಲಿ ಉಳಿದ ಪ್ರಶ್ನೆ ಸರಳವಾದದ್ದು. ಎಣಿಸಿ ಪಡೆದ ಸಂಖ್ಯೆಗಳು ಸಿದ್ಧಾಂತ ಹೇಳುವ ಸಂಖ್ಯೆಗಳಿಂದ ಸ್ವಲ್ಪ ಬೇರೆಯಾಗಿಯೇ ಇರುತ್ತವೆ. ಎಷ್ಟು ಬೇರೆಯಾದರೆ ಅದನ್ನು ಆಕಸ್ಮಿಕವೆಂದು ಬಿಡಬಹುದು, ಎಷ್ಟಾದರೆ ಸಿದ್ಧಾಂತವನ್ನೇ ಸಂದೇಹಿಸಬೇಕು? ಅಲ್ಲಿಯವರೆಗೆ ವಿಜ್ಞಾನಿಗಳು ಇದನ್ನು ಕಣ್ಣಂದಾಜಿನಿಂದ ತೀರ್ಮಾನಿಸುತ್ತಿದ್ದರು.

ಈ ಅವಧಿಯಲ್ಲಿಯೇ ಮಾನಕ ವಿಚಲನೆ ಎಂಬ ಪರಿಭಾಷೆಯನ್ನು ಅವರು ಬಳಕೆಗೆ ತಂದರು. ಫ್ರಾನ್ಸಿಸ್ ಗಾಲ್ಟನ್ನರ ವಿಚಾರವನ್ನು ಬೆಳೆಸಿ ೧೮೯೬ರಲ್ಲಿ ಸಹಸಂಬಂಧ ಗುಣಾಂಕಕ್ಕೆ ಗಣಿತದ ನೆಲೆಗಟ್ಟನ್ನು ಒದಗಿಸಿದರು. ೧೯೦೧ರಲ್ಲಿ ಗಾಲ್ಟನ್ ಮತ್ತು ವೆಲ್ಡನ್ ಅವರೊಡನೆ ‘ಬಯೋಮೆಟ್ರಿಕಾ’ ಪತ್ರಿಕೆಯನ್ನು ಆರಂಭಿಸಿದರು.

ಕೈ-ವರ್ಗ ಪರೀಕ್ಷೆ

೧೯೦೦ರಲ್ಲಿ ‘ಫಿಲಾಸಫಿಕಲ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಪಿಯರ್ಸನ್ನರು ಮೇಲಿನ ಪ್ರಶ್ನೆಗೆ ಉತ್ತರ ಕೊಟ್ಟರು. ವಿಧಾನ ಹೀಗಿದೆ: ಪ್ರತಿಯೊಂದು ವರ್ಗದಲ್ಲಿ ಎಣಿಸಿ ಪಡೆದ ಸಂಖ್ಯೆಯಿಂದ ನಿರೀಕ್ಷಿತ ಸಂಖ್ಯೆಯನ್ನು ಕಳೆಯಬೇಕು, ವ್ಯತ್ಯಾಸವನ್ನು ವರ್ಗಿಸಿ ನಿರೀಕ್ಷಿತ ಸಂಖ್ಯೆಯಿಂದ ಭಾಗಿಸಬೇಕು, ಎಲ್ಲ ವರ್ಗಗಳ ಭಾಗಲಬ್ಧಗಳನ್ನು ಕೂಡಿಸಬೇಕು. ಬಂದ ಮೊತ್ತವೇ ಕೈ-ವರ್ಗ. ಮೊತ್ತ ದೊಡ್ಡದಾದಷ್ಟೂ ಸಿದ್ಧಾಂತದ ಮೇಲಿನ ಸಂದೇಹ ಹೆಚ್ಚುತ್ತದೆ. ಅಂತಹ ಮೊತ್ತ ಕೇವಲ ಆಕಸ್ಮಿಕವಾಗಿ ಬರುವ ಸಂಭವನೀಯತೆಯನ್ನು ಕಂಡುಹಿಡಿಯುವ ಸೂತ್ರವನ್ನೂ ಅವರು ಕೊಟ್ಟರು. ಇದನ್ನು ಈಗ ಪಿ-ಮೌಲ್ಯ ಎನ್ನಲಾಗುತ್ತದೆ.

ಅದೇ ಪ್ರಬಂಧದಲ್ಲಿ ವೆಲ್ಡನ್ನರು ೧೨ ದಾಳಗಳನ್ನು ೨೬,೩೦೬ ಬಾರಿ ಎಸೆದು ಬರೆದಿಟ್ಟ ಫಲಿತಾಂಶಗಳನ್ನು ಪರೀಕ್ಷಿಸಿ, ಐದು ಮತ್ತು ಆರು ಬೀಳುವುದು ನ್ಯಾಯವಾದ ದಾಳಗಳಲ್ಲಿ ಇರಬೇಕಾದುದಕ್ಕಿಂತ ಹೆಚ್ಚಾಗಿದೆಯೆಂದು ತೋರಿಸಿದರು. ೧೯೦೨ರಲ್ಲಿ ಎಲ್ಡರ್ಟನ್ ಅವರು ಪರೀಕ್ಷೆಗೆ ಬೇಕಾದ ಕೋಷ್ಟಕಗಳನ್ನು ಪ್ರಕಟಿಸಿದರು. ೧೯೦೪ರಲ್ಲಿ ಪಿಯರ್ಸನ್ನರು ಇದೇ ಪರೀಕ್ಷೆಯನ್ನು ಎರಡು ಗುಣಗಳ ನಡುವಿನ ಸಂಬಂಧವನ್ನು ಪರೀಕ್ಷಿಸುವ ಅಡ್ಡಸಾಲು-ಕಂಬಸಾಲುಗಳ ಕೋಷ್ಟಕಕ್ಕೂ ವಿಸ್ತರಿಸಿದರು. ಕಂಪ್ಯೂಟರ್ ಇಲ್ಲದ ಆ ಕಾಲದಲ್ಲಿ ಅವರ ಪ್ರಯೋಗಾಲಯದ ಲೆಕ್ಕಗಳು ಕೈಯಿಂದ ತಿರುಗಿಸುವ ಬ್ರನ್ಸ್‌ವಿಗಾ ಯಂತ್ರಗಳ ಮೇಲೆ ನಡೆಯುತ್ತಿದ್ದವು. ಆಲಿಸ್ ಲೀ, ಎಥೆಲ್ ಎಲ್ಡರ್ಟನ್ ಮೊದಲಾದ ಮಹಿಳೆಯರು ಈ ಶ್ರಮದ ದೊಡ್ಡ ಪಾಲನ್ನು ಹೊತ್ತರು.

ಯೂಲ್ ಅವರೊಡನೆ ವಿವಾದ

ವರ್ಗಗಳೆಂದರೇನು ಎಂಬ ಪ್ರಶ್ನೆಯ ಮೇಲೆ ಪಿಯರ್ಸನ್ನರಿಗೂ ಅವರ ಹಿಂದಿನ ಸಹಾಯಕ ಉಡ್ನಿ ಯೂಲ್ ಅವರಿಗೂ ದೀರ್ಘಕಾಲ ವಾಗ್ವಾದ ನಡೆಯಿತು. ಎತ್ತರ-ಗಿಡ್ಡ ಎಂಬ ವಿಂಗಡಣೆಯ ಹಿಂದೆ ನಿರಂತರವಾದ ಒಂದು ಅಳತೆ ಇರುವಂತೆ, ಎಲ್ಲ ವರ್ಗಗಳ ಹಿಂದೆಯೂ ಕಾಣದ ಅಳತೆಯೊಂದಿದೆ ಎಂದು ಭಾವಿಸಿ ಲೆಕ್ಕ ಹಾಕಬಹುದೆಂಬುದು ಪಿಯರ್ಸನ್ನರ ನಿಲುವು. ಸಿಡುಬಿನಿಂದ ಸತ್ತವರನ್ನು ಮತ್ತು ಬದುಕಿದವರನ್ನು ಹಾಗೆ ಭಾವಿಸುವುದು ಅರ್ಥಹೀನ, ಕೆಲವು ವರ್ಗಗಳು ನಿಜಕ್ಕೂ ಬೇರೆ ಬೇರೆಯೇ ಎಂಬುದು ಯೂಲ್ ಅವರ ವಾದ. ೧೯೧೩ರಲ್ಲಿ ಪಿಯರ್ಸನ್ನರು ಡೇವಿಡ್ ಹೆರಾನ್ ಜೊತೆಗೂಡಿ ಬಹಳ ದೀರ್ಘವಾದ ಪ್ರತ್ಯುತ್ತರವನ್ನು ಬರೆದರು. ಇಂದಿನ ಸಂಖ್ಯಾಶಾಸ್ತ್ರದಲ್ಲಿ ದತ್ತಾಂಶದ ಸ್ವರೂಪವನ್ನು ನೋಡಿ ಎರಡೂ ವಿಧಾನಗಳನ್ನು ಬಳಸಲಾಗುತ್ತದೆ.

ಸ್ವಾತಂತ್ರ್ಯ ಸಂಖ್ಯೆಯ ತಿದ್ದುಪಡಿ

ಕೈ-ವರ್ಗದ ಮೊತ್ತವೊಂದರಿಂದಲೇ ಪಿ-ಮೌಲ್ಯ ಸಿಗುವುದಿಲ್ಲ. ಪಠ್ಯಪುಸ್ತಕಗಳು ಡಿಗ್ರೀಸ್ ಆಫ್ ಫ್ರೀಡಂ ಎಂದು ಕರೆಯುವ ಸ್ವಾತಂತ್ರ್ಯ ಸಂಖ್ಯೆಯೂ ಬೇಕು. ಸ್ವತಂತ್ರವಾಗಿ ಬದಲಾಗಬಲ್ಲ ಮನೆಗಳು ಕೋಷ್ಟಕದಲ್ಲಿ ಎಷ್ಟಿವೆ ಎಂಬುದನ್ನು ಅದು ಹೇಳುತ್ತದೆ. ಪಿಯರ್ಸನ್ನರು ಇದನ್ನು ಒಟ್ಟು ಮನೆಗಳಿಗಿಂತ ಒಂದು ಕಡಿಮೆ ಎಂದು ತೆಗೆದುಕೊಂಡರು. ಅಂದರೆ ನಾಲ್ಕು ಮನೆಗಳ ಕೋಷ್ಟಕಕ್ಕೆ ೩. ನಿರೀಕ್ಷಿತ ಸಂಖ್ಯೆಗಳನ್ನು ಹೊರಗಿನ ಸಿದ್ಧಾಂತದಿಂದ ಪಡೆದಾಗ ಈ ಎಣಿಕೆ ಸರಿ. ಆದರೆ ಎರಡು ಗುಣಗಳ ಕೋಷ್ಟಕದಲ್ಲಿ ನಿರೀಕ್ಷಿತ ಸಂಖ್ಯೆಗಳನ್ನು ಅದೇ ದತ್ತಾಂಶದ ಮೊತ್ತಗಳಿಂದ ಪಡೆಯಲಾಗುತ್ತದೆ. ಅದರಿಂದಾಗುವ ವ್ಯತ್ಯಾಸ ಅತ್ಯಲ್ಪವೆಂದು ಪಿಯರ್ಸನ್ನರು ಭಾವಿಸಿದ್ದರು.

೧೯೧೫ರಲ್ಲಿ ಗ್ರೀನ್‌ವುಡ್ ಮತ್ತು ಯೂಲ್ ಅವರು ವಿಷಮಶೀತಜ್ವರ ಹಾಗೂ ಕಾಲರಾ ಚುಚ್ಚುಮದ್ದಿನ ಅಂಕಿಗಳನ್ನು ಎರಡು ವಿಧಾನಗಳಿಂದ ಪರೀಕ್ಷಿಸಿದಾಗ ಎರಡು ಬೇರೆ ಉತ್ತರಗಳು ಬಂದವು. ಚುಚ್ಚುಮದ್ದು ಪರಿಣಾಮಕಾರಿಯೇ ಎಂಬ ಜೀವನ್ಮರಣದ ಪ್ರಶ್ನೆಗೆ ಸಂಬಂಧಿಸಿದ ಈ ಗೊಂದಲದ ಕಾರಣವನ್ನು ೧೯೨೨ರಲ್ಲಿ ಫಿಶರ್ ವಿವರಿಸಿದರು. ಅಡ್ಡಸಾಲು ಮತ್ತು ಕಂಬಸಾಲುಗಳ ಮೊತ್ತಗಳು ಗೊತ್ತಾದ ಮೇಲೆ ನಾಲ್ಕು ಮನೆಗಳಲ್ಲಿ ಒಂದನ್ನು ತುಂಬಿದರೆ ಉಳಿದ ಮೂರು ತಾವಾಗಿಯೇ ತುಂಬಿಕೊಳ್ಳುತ್ತವೆ. ಆದ್ದರಿಂದ ಸ್ವಾತಂತ್ರ್ಯ ಸಂಖ್ಯೆ ೩ ಅಲ್ಲ, ೧. ಸಾಮಾನ್ಯವಾಗಿ ಹೇಳುವುದಾದರೆ, ಅಡ್ಡಸಾಲುಗಳ ಸಂಖ್ಯೆಯಿಂದ ಒಂದನ್ನೂ ಕಂಬಸಾಲುಗಳ ಸಂಖ್ಯೆಯಿಂದ ಒಂದನ್ನೂ ಕಳೆದು ಗುಣಿಸಬೇಕು.

ಪಿಯರ್ಸನ್ನರು ಅದೇ ವರ್ಷ ‘ಬಯೋಮೆಟ್ರಿಕಾ’ದಲ್ಲಿ ಫಿಶರ್ ಅವರನ್ನು ಕಟುವಾಗಿ ಟೀಕಿಸಿದರು. ೧೯೨೬ರಲ್ಲಿ ಫಿಶರ್ ಹೊಸ ಸಾಕ್ಷ್ಯವನ್ನು ಮುಂದಿಟ್ಟರು. ಬೇರೊಂದು ಉದ್ದೇಶಕ್ಕಾಗಿ ಸಿದ್ಧಪಡಿಸಿದ್ದ, ನಾಲ್ಕು ಮನೆಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ಕೋಷ್ಟಕಗಳಲ್ಲಿ ಕೈ-ವರ್ಗದ ಸರಾಸರಿಯನ್ನು ಅವರು ಲೆಕ್ಕ ಹಾಕಿದ್ದರು. ಪಿಯರ್ಸನ್ನರ ಎಣಿಕೆ ಸರಿಯಾಗಿದ್ದರೆ ಸರಾಸರಿ ೩ರ ಹತ್ತಿರ ಬರಬೇಕಿತ್ತು. ಬಂದದ್ದು ೧ರ ಹತ್ತಿರ. ಆ ಕೋಷ್ಟಕಗಳನ್ನು ಸಿದ್ಧಪಡಿಸಿದ್ದವರು ಪಿಯರ್ಸನ್ನರ ಮಗ ಎಗಾನ್.

ತಂತ್ರಾಂಶಗಳಲ್ಲಿ ಪಿಯರ್ಸನ್ ಪರೀಕ್ಷೆ

ಈ ತಿದ್ದುಪಡಿಯಿಂದ ತೀರ್ಪು ಎಷ್ಟು ಬದಲಾಗುತ್ತದೆಂಬುದನ್ನು ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಿಂದ ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ತಿಳಿಯಬಹುದು. ಕಾರವಾರದ ಕೋಡಿಬಾಗದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ; ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಕಾರವಾರದಲ್ಲಿದೆ. ಮೀನು, ಸಿಗಡಿ, ಏಡಿಗಳ ಅಧ್ಯಯನದಲ್ಲಿ ಹೆಣ್ಣು-ಗಂಡುಗಳ ಪ್ರಮಾಣವನ್ನು ಕೈ-ವರ್ಗದಿಂದ ಪರೀಕ್ಷಿಸುವುದು ವಾಡಿಕೆ. ವಿದ್ಯಾರ್ಥಿಯೊಬ್ಬರು ಕಾರವಾರ ಮತ್ತು ಅಂಕೋಲಾಗಳಲ್ಲಿ ತಲಾ ೧೦೦ ಏಡಿಗಳನ್ನು ಎಣಿಸಿದರೆಂದು ಭಾವಿಸೋಣ. ಕೆಳಗಿನ ಅಂಕಿಗಳು ಕೇವಲ ಕಾಲ್ಪನಿಕ.

| ಸ್ಥಳ | ಹೆಣ್ಣು | ಗಂಡು | ಒಟ್ಟು |
|---|---|---|---|
| ಕಾರವಾರ | ೬೦ | ೪೦ | ೧೦೦ |
| ಅಂಕೋಲಾ | ೪೫ | ೫೫ | ೧೦೦ |
| ಒಟ್ಟು | ೧೦೫ | ೯೫ | ೨೦೦ |

ಎರಡೂ ಸ್ಥಳಗಳಲ್ಲಿ ಪ್ರಮಾಣ ಒಂದೇ ಆಗಿದ್ದರೆ ಪ್ರತಿ ಸ್ಥಳದಲ್ಲಿ ೫೨.೫ ಹೆಣ್ಣು, ೪೭.೫ ಗಂಡು ಏಡಿಗಳನ್ನು ನಿರೀಕ್ಷಿಸಬೇಕು. ಪ್ರತಿ ಮನೆಯಲ್ಲಿಯೂ ವ್ಯತ್ಯಾಸ ೭.೫. ಕೈ-ವರ್ಗದ ಮೊತ್ತ ಸುಮಾರು ೪.೫೧. ಪಿಯರ್ಸನ್ನರ ಎಣಿಕೆಯಂತೆ ಸ್ವಾತಂತ್ರ್ಯ ಸಂಖ್ಯೆ ೩ ಎಂದರೆ ಪಿ-ಮೌಲ್ಯ ಸುಮಾರು ೦.೨೧, ವ್ಯತ್ಯಾಸ ಆಕಸ್ಮಿಕವಾಗಿರಬಹುದು ಎಂಬ ತೀರ್ಪು. ಫಿಶರ್ ಅವರ ಎಣಿಕೆಯಂತೆ ೧ ಎಂದರೆ ಪಿ-ಮೌಲ್ಯ ಸುಮಾರು ೦.೦೩೪, ರೂಢಿಯ ೦.೦೫ರ ಗಡಿಯ ಪ್ರಕಾರ ವ್ಯತ್ಯಾಸ ಗಮನಾರ್ಹವೆಂಬ ತೀರ್ಪು. ಏಡಿಗಳು ಅವೇ, ಮೊತ್ತವೂ ಅದೇ; ತೀರ್ಪು ಮಾತ್ರ ತಿರುವುಮುರುವಾಗುತ್ತದೆ.

ತಂತ್ರಾಂಶಗಳು ಸರಿಯಾದ ಸ್ವಾತಂತ್ರ್ಯ ಸಂಖ್ಯೆಯನ್ನು ತಾವೇ ಹಾಕಿಕೊಳ್ಳುತ್ತವೆ. ಆದರೂ ಬಳಸುವವರು ಗಮನಿಸಬೇಕಾದ ಸಂಗತಿಗಳು ಕೆಲವಿವೆ:

* ಇದೇ ಕೋಷ್ಟಕವನ್ನು ಕೊಟ್ಟರೆ ಎಸ್‌ಪಿಎಸ್‌ಎಸ್ ‘ಪಿಯರ್ಸನ್ ಕೈ-ಸ್ಕ್ವೇರ್’ ಎಂಬ ಸಾಲಿನಲ್ಲಿ ೪.೫೧ ಎಂದು ತೋರಿಸುತ್ತದೆ. ಆರ್ ತಂತ್ರಾಂಶ ಸುಮಾರು ೩.೯೩ ಎಂದೂ ಪಿ-ಮೌಲ್ಯ ಸುಮಾರು ೦.೦೪೭ ಎಂದೂ ಹೇಳುತ್ತದೆ. ನಾಲ್ಕು ಮನೆಗಳ ಕೋಷ್ಟಕಕ್ಕೆ ಫ್ರಾಂಕ್ ಯೇಟ್ಸ್ ೧೯೩೪ರಲ್ಲಿ ಸೂಚಿಸಿದ ಹೊಂದಾಣಿಕೆಯನ್ನು ಆರ್ ಕೇಳದೆಯೇ ಅನ್ವಯಿಸುವುದು ಇದಕ್ಕೆ ಕಾರಣ. ಬೇಡವೆಂದು ಸೂಚಿಸಿದರೆ ಅದೂ ೪.೫೧ನ್ನೇ ಕೊಡುತ್ತದೆ.
* ಕೋಷ್ಟಕದಲ್ಲಿ ಎಣಿಕೆಗಳನ್ನೇ ಕೊಡಬೇಕು, ಶೇಕಡಾವಾರುಗಳನ್ನಲ್ಲ. ಪ್ರಮಾಣ ಇದೇ ಇದ್ದು ಪ್ರತಿ ಸ್ಥಳದಿಂದ ಕೇವಲ ೨೦ ಏಡಿಗಳಿದ್ದರೆ ಮೊತ್ತ ಸುಮಾರು ೦.೯೦, ೧೦೦೦ ಏಡಿಗಳಿದ್ದರೆ ಸುಮಾರು ೪೫.
* ನಿರೀಕ್ಷಿತ ಸಂಖ್ಯೆ ೫ಕ್ಕಿಂತ ಕಡಿಮೆಯಿರುವ ಮನೆಗಳಿದ್ದರೆ ಕೈ-ವರ್ಗದ ಅಂದಾಜು ಸಡಿಲವಾಗಬಹುದು. ತಂತ್ರಾಂಶಗಳು ಈ ಬಗ್ಗೆ ಎಚ್ಚರಿಕೆ ನೀಡುತ್ತವೆ. ಆಗ ಫಿಶರ್ ಅವರ ನಿಖರ ಪರೀಕ್ಷೆಯನ್ನು ಬಳಸುವುದು ರೂಢಿ.
* ಪ್ರತಿಯೊಂದು ಏಡಿಯೂ ಸ್ವತಂತ್ರವಾಗಿ ಆಯ್ಕೆಯಾಗಿರಬೇಕು. ಎಲ್ಲವೂ ಒಂದೇ ಬಲೆಯಿಂದ ಬಂದಿದ್ದರೆ ಪರೀಕ್ಷೆಯ ಆಧಾರವೇ ಕುಸಿಯುತ್ತದೆ. ಇದನ್ನು ಯಾವ ತಂತ್ರಾಂಶವೂ ಕಂಡುಹಿಡಿಯಲಾರದು.
* ಪಿ-ಮೌಲ್ಯ ವ್ಯತ್ಯಾಸದ ಕಾರಣವನ್ನು ಹೇಳುವುದಿಲ್ಲ. ಋತುಮಾನ, ನದೀಮುಖದ ಉಪ್ಪಿನಂಶ, ಬಲೆಯ ಬಗೆ ಇವುಗಳಲ್ಲಿ ಯಾವುದು ಕಾರಣವೆಂಬುದನ್ನು ಬೇರೆಯಾಗಿ ಅಧ್ಯಯನ ಮಾಡಬೇಕಾಗುತ್ತದೆ.

ಸುಜನನವಾದ ಮತ್ತು ಟೀಕೆಗಳು

ಪಿಯರ್ಸನ್ನರ ಜೀವನದ ಅತ್ಯಂತ ಟೀಕೆಗೊಳಗಾದ ಭಾಗ ಸುಜನನವಾದ. ಮನುಷ್ಯರ ಯೋಗ್ಯತೆ ಬಹುಮಟ್ಟಿಗೆ ಹುಟ್ಟಿನಿಂದ ಬರುತ್ತದೆ, ರಾಷ್ಟ್ರಗಳು ಉತ್ತಮ ವಂಶಗಳನ್ನು ಬೆಳೆಸಬೇಕು ಎಂದು ಅವರು ನಂಬಿದ್ದರು. ಜನಾಂಗಗಳ ನಡುವಿನ ಹೋರಾಟವನ್ನೂ ವಸಾಹತುಶಾಹಿಯನ್ನೂ ಉಪನ್ಯಾಸಗಳಲ್ಲಿ ಸಮರ್ಥಿಸಿದರು. ೧೯೧೧ರಲ್ಲಿ ಗಾಲ್ಟನ್ನರು ಬಿಟ್ಟುಹೋದ ಹಣದಿಂದ ಸ್ಥಾಪಿತವಾದ ಸುಜನನಶಾಸ್ತ್ರ ಪೀಠದ ಮೊದಲ ಪ್ರಾಧ್ಯಾಪಕರಾದರು. ಅದೇ ವರ್ಷ ಅವರ ನೇತೃತ್ವದಲ್ಲಿ ರೂಪುಗೊಂಡ ಅನ್ವಯಿಕ ಸಂಖ್ಯಾಶಾಸ್ತ್ರ ವಿಭಾಗವನ್ನು ಜಗತ್ತಿನ ಮೊದಲ ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರ ವಿಭಾಗವೆಂದು ಗುರುತಿಸಲಾಗುತ್ತದೆ.

೧೯೨೫ರಲ್ಲಿ ಮಾರ್ಗರೆಟ್ ಮೌಲ್ ಅವರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ಲಂಡನ್ನಿಗೆ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳನ್ನು ಅಳೆದು, ಅವರು ಸ್ಥಳೀಯರಿಗಿಂತ ಕೀಳೆಂಬ ತೀರ್ಮಾನಕ್ಕೆ ಬಂದರು. ಲೆಕ್ಕದ ಮೆರುಗಿನಲ್ಲಿ ಪೂರ್ವಗ್ರಹವನ್ನು ಮಂಡಿಸಿದ್ದಕ್ಕೆ ಉದಾಹರಣೆಯಾಗಿ ಈ ಅಧ್ಯಯನವನ್ನು ನಂತರದ ವಿದ್ವಾಂಸರು ತೋರಿಸಿದ್ದಾರೆ. ಜನರನ್ನು ಯಾವ ವರ್ಗಗಳಾಗಿ ವಿಂಗಡಿಸಬೇಕೆಂಬುದು ಪರೀಕ್ಷೆಗೂ ಮೊದಲೇ ಸಂಶೋಧಕರು ಮಾಡುವ ಆಯ್ಕೆ. ಅದರ ನ್ಯಾಯಾನ್ಯಾಯವನ್ನು ಸೂತ್ರ ತೀರ್ಮಾನಿಸುವುದಿಲ್ಲ. ೨೦೨೦ರಲ್ಲಿ ಯೂನಿವರ್ಸಿಟಿ ಕಾಲೇಜು ತನ್ನ ಕಟ್ಟಡಕ್ಕಿದ್ದ ಪಿಯರ್ಸನ್ನರ ಹೆಸರನ್ನು ತೆಗೆದುಹಾಕಿತು.

ಭಾರತದೊಂದಿಗಿನ ಸಂಬಂಧ

೧೯೦೪ರಲ್ಲಿ ಪಿಯರ್ಸನ್ನರು ದಕ್ಷಿಣ ಆಫ್ರಿಕ ಮತ್ತು ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ನೀಡಿದ ವಿಷಮಶೀತಜ್ವರದ ಚುಚ್ಚುಮದ್ದಿನ ಅಂಕಿಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ್ದರು. ಬೇರೆ ಬೇರೆ ಅಧ್ಯಯನಗಳ ಫಲಿತಾಂಶಗಳನ್ನು ಕೂಡಿಸಿ ನೋಡುವ ವಿಧಾನದ ಆರಂಭಿಕ ಮಾದರಿಗಳಲ್ಲಿ ಇದನ್ನು ಎಣಿಸಲಾಗುತ್ತದೆ.

೧೯೧೫ರಲ್ಲಿ ಕೇಂಬ್ರಿಜ್‌ನಿಂದ ಭಾರತಕ್ಕೆ ಮರಳುತ್ತಿದ್ದ ಪ್ರಶಾಂತಚಂದ್ರ ಮಹಾಲನೋಬಿಸ್ ‘ಬಯೋಮೆಟ್ರಿಕಾ’ದ ಸಂಪುಟಗಳನ್ನು ಕೊಂಡು ತಂದರು. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ಸಂಖ್ಯಾಶಾಸ್ತ್ರದತ್ತ ತಿರುಗಿದ್ದು ಈ ಸಂಪುಟಗಳ ಓದಿನಿಂದ. ೧೯೩೧ರಲ್ಲಿ ಅವರು ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು, ೧೯೩೩ರಲ್ಲಿ ‘ಸಾಂಖ್ಯ’ ಪತ್ರಿಕೆಯನ್ನು ಆರಂಭಿಸಿದರು. ಈ ಸಂಸ್ಥೆಯ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ. ಹೂವಿನಹಡಗಲಿಯಲ್ಲಿ ೧೯೨೦ರಲ್ಲಿ ಜನಿಸಿದ ಸಿ. ಆರ್. ರಾವ್ ಇದೇ ಸಂಸ್ಥೆಯಲ್ಲಿ ಬೆಳೆದು, ಕೇಂಬ್ರಿಜ್‌ನಲ್ಲಿ ಫಿಶರ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿದರು. ೧೯೪೮ರಲ್ಲಿ ಅವರು ರೂಪಿಸಿದ ಸ್ಕೋರ್ ಪರೀಕ್ಷೆಯ ಒಂದು ವಿಶೇಷ ರೂಪವಾಗಿ ಪಿಯರ್ಸನ್ನರ ಕೈ-ವರ್ಗವನ್ನು ಪಡೆಯಬಹುದು.

ಕೊನೆಯ ದಿನಗಳು

೧೯೩೩ರಲ್ಲಿ ಪಿಯರ್ಸನ್ನರು ನಿವೃತ್ತರಾದರು. ಅವರ ವಿಭಾಗವನ್ನು ಕಾಲೇಜು ಎರಡಾಗಿ ಒಡೆಯಿತು. ಸಂಖ್ಯಾಶಾಸ್ತ್ರವು ಎಗಾನ್ ಅವರಿಗೂ ಸುಜನನಶಾಸ್ತ್ರ ಪೀಠವು ಫಿಶರ್ ಅವರಿಗೂ ದೊರೆತವು. ತಾವು ಕಟ್ಟಿದ ಮನೆಯ ಒಂದು ಭಾಗಕ್ಕೆ ತಮ್ಮ ಮಗನೂ ಇನ್ನೊಂದು ಭಾಗಕ್ಕೆ ತಮ್ಮ ಎದುರಾಳಿಯೂ ಯಜಮಾನರಾದುದನ್ನು ಪಿಯರ್ಸನ್ನರು ಕಣ್ಣಾರೆ ಕಂಡರು. ಬಿಡುವಿಲ್ಲದೆ ‘ಬಯೋಮೆಟ್ರಿಕಾ’ದ ಸಂಪಾದನೆಯನ್ನು ಮುಂದುವರಿಸಿದ ಅವರು ೧೯೩೬ರ ಏಪ್ರಿಲ್ ೨೭ರಂದು ಸರ್ರೆ ಪ್ರಾಂತದ ಕೋಲ್ಡ್‌ಹಾರ್ಬರ್‌ನಲ್ಲಿ ನಿಧನರಾದರು. ಪತ್ರಿಕೆಯ ಸಂಪಾದಕತ್ವವನ್ನು ಎಗಾನ್ ವಹಿಸಿಕೊಂಡರು. ‘ಬಯೋಮೆಟ್ರಿಕಾ’ ಇಂದಿಗೂ ಪ್ರಕಟವಾಗುತ್ತಿದೆ.